312 ತಪ್ಪಾಗಿದ್ದು ಎಲ್ಲಿ?

ತಂಗೀ, ನೀನು ನಿನ್ನೆ ರಾತ್ರಿ ಗ್ರೂಪಿಗೆ ಹಾಕಿದ ಫೋಟೋ ಈಗ ನೋಡಿದೆ. ಕೂಸು 27ಕ್ಕೆ 15 ಕೂಡಿಸಿ 312 ಅಂತ ಬರೆದಿದ್ದಾಳೆ. ಅಣ್ಣ ಅದಕ್ಕೆ ನಗುವ ಮುಖ ಹಾಕಿದ್ದಾನೆ, ಚಿಕ್ಕಮ್ಮ ಟ್ಯೂಷನ್ನಿಗೆ ಕಳಿಸು ಎಂದಿದ್ದಾಳೆ. ಟೈಪ್ ಮಾಡಲು ಕೂತರೆ ಮುಗಿಯುವುದಿಲ್ಲ, ಅದಕ್ಕೇ ಮಾತಾಡಿಯೇ ಕಳಿಸುತ್ತಿದ್ದೇನೆ. ಹಿಂದೆ ಗರಗರ ಕೇಳಿದರೆ ಅದು ಅಡಿಕೆ ಸುಲಿಯುವ ಮಷಿನ್ನು. ಶಿರಸಿಯಲ್ಲಿ ಈಗ ಯಾರ ಮನೆಗೆ ಹೋದರೂ ಇದೇ ಶಬ್ದ.

ಆ ಲೆಕ್ಕವನ್ನು ಇನ್ನೊಂದು ಸಲ ನೋಡು. ಏಳಕ್ಕೆ ಐದು ಕೂಡಿಸಿ ಹನ್ನೆರಡು ಬರೆದಿದ್ದಾಳೆ. ಸರಿ ಇದೆ. ಎರಡಕ್ಕೆ ಒಂದು ಕೂಡಿಸಿ ಮೂರು. ಅದೂ ಸರಿ. ಅಂದರೆ ಕೂಡಿಸುವುದು ಅವಳಿಗೆ ಬರುತ್ತದೆ. ಬಂದದ್ದನ್ನು ಎಲ್ಲಿ ಇಡಬೇಕು ಅನ್ನುವುದು ಗೊತ್ತಾಗಿಲ್ಲ, ಅಷ್ಟೇ. ನೀನು "ದಶಕ ಮೇಲೆ ಬರಿ ಅಂತ ಹತ್ತು ಸಲ ಹೇಳಿದೆ" ಎಂದು ಬರೆದಿದ್ದೀಯ. ಆದರೆ ಮೇಲೆ ಬರೆಯುವ ಆ 1 ಒಂದಲ್ಲ, ಹತ್ತು. ಅದು ತಿಳಿಯದೆ ಸುಮ್ನೆ ಬಾಯಿಪಾಠ ಮಾಡಿಸಿದರೆ ನಾಳೆ 46ಕ್ಕೆ 23 ಕೂಡಿಸುವಾಗಲೂ ಮೇಲೊಂದು 1 ಬರೆದಿಡುತ್ತಾಳೆ ನೋಡು.

ಹೀಗೆ ಮಾಡು. ಕಳೆದ ಸಲ ಕಟ್ಟಿಕೊಟ್ಟ ಅಡಿಕೆ ಇದೆಯಲ್ಲ, ಅದನ್ನು ತೆಗಿ. ಇಲ್ಲದಿದ್ದರೆ ನಿಮ್ಮ ಕಾರವಾರದಲ್ಲಿ ತಿಸ್ರೆ ಚಿಪ್ಪಿಗೇನು ಬರ, ಅದೂ ನಡೆಯುತ್ತದೆ. ನಾಲ್ಕೈದು ತೆಂಗಿನ ಗರಟೆ ಇಟ್ಟುಕೋ. ಒಂದೇ ಕಟ್ಟಳೆ: ಹತ್ತಾದರೆ ಗರಟೆಗೆ ಹೋಗಬೇಕು, ಬಿಡಿಯಾಗಿ ನೆಲದ ಮೇಲೆ ಇರುವಂತಿಲ್ಲ. 27 ಅಂದರೆ ಎರಡು ಗರಟೆ, ಏಳು ಬಿಡಿ. 15 ಅಂದರೆ ಒಂದು ಗರಟೆ, ಐದು ಬಿಡಿ. ಎಲ್ಲ ಒಟ್ಟಿಗೆ ಸರಿಸಲು ಹೇಳು. ಬಿಡಿ ಹನ್ನೆರಡಾಯಿತು. ಅಲ್ಲಿ ನೀನು ಬಾಯಿ ಮುಚ್ಚಿ ಕೂರಬೇಕು, ಗೊತ್ತಾಯ್ತಾ? "ಇನ್ನೊಂದು ಗರಟೆ ಕೊಡು" ಅಂತ ಅವಳೇ ಕೇಳಲಿ. ಕೇಳಿದ ಮೇಲೆ ನಾಲ್ಕು ಗರಟೆ, ಎರಡು ಬಿಡಿ. ಪಾಟಿಯನ್ನು ಪಕ್ಕದಲ್ಲೇ ಇಟ್ಟು ಆಗ ಬರೆಸು. ಆ ಗರಟೆ ಕೊಟ್ಟೆಯಲ್ಲ, ಮೇಲೆ ಬರೆಯುವ 1 ಅದೇ.

ಲೆಕ್ಕಕ್ಕೆ ಮೊದಲು ಒಂದು ಅಂದಾಜೂ ಕೇಳು. ಇಪ್ಪತ್ತು, ಹತ್ತು, ಮೂವತ್ತು. ಮೇಲೆ ಸ್ವಲ್ಪ ಚಿಲ್ಲರೆ. ಹಾಗಿರುವಾಗ ಮುನ್ನೂರು ಎಲ್ಲಿಂದ ಬಂತು ಅಂತ ಅವಳಿಗೇ ನಗು ಬರಬೇಕು.

ಇನ್ನು 27ನ್ನು ಕೆಲವು ಸಲ 72 ಬರೆಯುತ್ತಾಳೆ ಎಂದೆಯಲ್ಲ, ಅದು ನನಗೆ ಬಹಳ ಕುತೂಹಲ. ನಿನ್ನ ಅತ್ತೆ ಮನೆಯಲ್ಲಿ ಕೊಂಕಣಿಯಲ್ಲೇ ಎಣಿಸುತ್ತಾರೆ ಅಲ್ವಾ? ಸತ್ತಾವೀಸ್. ಅದರಲ್ಲಿ ಏಳು ಮೊದಲು, ಇಪ್ಪತ್ತು ಆಮೇಲೆ. ನಮ್ಮ ಇಪ್ಪತ್ತೇಳರಲ್ಲಿ ಇಪ್ಪತ್ತೇ ಮೊದಲು. ಇಂಗ್ಲಿಷಂತೂ ಟ್ವೆಂಟಿ ಸೆವೆನ್‌ನಲ್ಲಿ ಒಂದು ಥರ, ಫಿಫ್ಟೀನ್‌ನಲ್ಲಿ ಇನ್ನೊಂದು ಥರ. ಕೂಸು ಕೇಳಿದ ಹಾಗೇ ಬರೆದಿದ್ದಾಳೆ, ಪಾಪ. ಹಾಗಂತ ಅಜ್ಜಿಗೆ ಎಣಿಸಬೇಡಿ ಅನ್ನಬೇಡ ಮಾರಾಯ್ತಿ! ಬರೆಯುವಾಗ ಮಾತ್ರ ಕನ್ನಡದಲ್ಲಿ ಬಿಡಿಸಿ ಹೇಳಿಸು: ಇಪ್ಪತ್ತು, ಏಳು. ಹದಿನೈದು ಅಂದರೆ ಹತ್ತು, ಐದು. ನಮ್ಮ ಹನ್ನೊಂದರೊಳಗೂ ಹತ್ತು ಕೂತಿದೆ, ಇಲೆವೆನ್ ಎಂದರೆ ಮಗುವಿಗೆ ಏನೂ ತಿಳಿಯುವುದಿಲ್ಲ.

ನಾನೇನು ಕಮ್ಮಿಯಾ? ಅಪ್ಪ ಅಕ್ಕಿ ಅಳೆಯುವಾಗ ಒಂದು ಅನ್ನದೆ "ಲಾಭ" ಎನ್ನುತ್ತಿದ್ದನಲ್ಲ. ಒಂದನೇ ಕ್ಲಾಸಿನಲ್ಲಿ ನಾನು ಲಾಭ, ಎರಡು, ಮೂರು ಅಂತ ಎಣಿಸಿ ಎಲ್ಲರನ್ನೂ ನಗಿಸಿದ್ದೆ.

ಹ್ಞಾಂ, ಮರೆತಿದ್ದೆ. ನಿನ್ನ ವಿಡಿಯೋದಲ್ಲಿ ಎಂಟಕ್ಕೆ ಐದು ಕೂಡಿಸುವಾಗ ಮೊದಲ ಬೆರಳಿಗೇ "ಎಂಟು" ಎಂದಳು. ಅದಕ್ಕೇ ಹನ್ನೆರಡಕ್ಕೆ ನಿಂತಿತು. ಎಂಟು ಆಗಲೇ ಕೈಯಲ್ಲಿ ಇದೆ, ಅದನ್ನು ಮತ್ತೆ ಎಣಿಸಬಾರದು. ಮುಷ್ಟಿ ಕಟ್ಟಿ "ಎಂಟು" ಎನ್ನಲಿ, ಆಮೇಲೆ ಒಂದೊಂದೇ ಬೆರಳು ಬಿಡಿಸುತ್ತಾ ಒಂಬತ್ತು, ಹತ್ತು ಅಂತ ಹೋಗಲಿ. ಮೂರಕ್ಕೆ ಎಂಟು ಕೂಡಿಸು ಎಂದರೂ ಎಂಟರಿಂದಲೇ ಶುರು ಮಾಡಲಿ, ಉತ್ತರ ಬದಲಾಗುವುದಿಲ್ಲ, ಎಣಿಸುವುದು ಕಮ್ಮಿ. ಬೆರಳು ಮಡಚಿದರೆ ಗದರಿಸಬೇಡ. ಸ್ವಲ್ಪ ಅಭ್ಯಾಸ ಆದ ಮೇಲೆ ಐದರಿಂದ ಎರಡು ತೆಗೆದು ಎಂಟಕ್ಕೆ ಕೊಡಲು ಹೇಳು. ಒಂದು ಗರಟೆ ತುಂಬಿತು, ಮೂರು ಉಳಿಯಿತು, ಹದಿಮೂರು.

ಅಡಿಕೆ ಕಮ್ಮಿ ಬಿದ್ದರೆ ಹೇಳು, ಶನಿವಾರ ಕಾರವಾರಕ್ಕೆ ಬರುವವರ ಕೈಲಿ ಕೊಟ್ಟು ಕಳಿಸುತ್ತೇನೆ. ಆಟ ಮುಗಿದ ಮೇಲೆ ಎಣಿಸಿ ಎತ್ತಿಡು, ಕೂಸು ಬಾಯಿಗೆ ಹಾಕಿಕೊಂಡೀತು. ಅಣ್ಣಾ, ನೀನು ಮೊದಲು ಆ ನಗುವ ಮುಖ ಅಳಿಸು.