ಅಪ್‌ಡೇಟ್: ಕಪ್ಪತಗುಡ್ಡಕ್ಕೆ ಹೋಗಿ ಬಂದೆವು

ಗದಗದಲ್ಲೇ ಉಳಿದು, ವಯಸ್ಸಾದ ಅಪ್ಪ-ಅಮ್ಮನ ಜೊತೆ ಒಂದೇ ದಿನದಲ್ಲಿ ಕಾರಲ್ಲಿ ಗುಡ್ಡ ಸುತ್ತಿ ಬರೋದು ಹೇಗೆ ಅಂತ ಕೇಳಿದ್ದೆ, ಅಲ್ವಾ? ನೀವು ಹೇಳಿದಂತೆ ಬೆಳಗ್ಗೆ 6ಕ್ಕೇ ಹೊರಟೆವು.

ಮೊದಲು ಡಂಬಳ. ದೊಡ್ಡಬಸಪ್ಪನ ಗುಡಿಯ ಗೋಡೆಗೆ 24 ಮೂಲೆಗಳು, ನಕ್ಷತ್ರದ ಹಾಗೆ. ಅಪ್ಪ ಸುತ್ತು ಹಾಕಿ ಎಣಿಸಿದರು, ಎರಡು ಸಲ ತಪ್ಪಿದರು!

ಆಮೇಲೆ ಕಪ್ಪತಗುಡ್ಡ. ಮಳೆ ಬಿದ್ದಿದ್ದರಿಂದ ಗುಡ್ಡವೆಲ್ಲ ಹಸಿರು. ಸಾಲು ಸಾಲು ಗಾಳಿಯಂತ್ರ. ಮೇಲೆ ಗಾಳಿ ಎಷ್ಟು ಜಾಸ್ತಿ ಅಂದ್ರೆ ಅಮ್ಮ ಸೆರಗು ಬಿಗಿಹಿಡಿದೇ ನಿಂತಿದ್ದರು. 2019ರಿಂದ ಇದು ವನ್ಯಜೀವಿ ಧಾಮ, ಹಾಗಾಗಿ ಸಿಕ್ಕಸಿಕ್ಕ ಕಡೆ ಕಾರು ನುಗ್ಗಿಸಬೇಡಿ.

ಲಕ್ಕುಂಡಿಗೆ ಹೊತ್ತು ಸಾಲಲಿಲ್ಲ. ತಪ್ಪು ನನ್ನದೇ, ಬುತ್ತಿ ಬಿಚ್ಚಿ ಸುಮ್ನೆ ಕೂತುಬಿಟ್ಟೆವು. ಮುಂದಿನ ಭಾನುವಾರ ಅಲ್ಲಿಗೇ.