ಓದುಗರ ಸ್ಪಂದನ: ‘ಇದು ನಿನ್ನ ತವರಿನಿಂದಲೇ ಬಂದದ್ದು’

ಸಮಸ್ಯೆ: ನಾಲ್ಕು ವರ್ಷದ ಮಗನಿಗೆ ಆಟಿಸಂ ಎಂದಿದ್ದಾರೆ. ನನ್ನ ತವರಿನ ರಕ್ತದ ದೋಷ ಅಂತ ಅತ್ತೆ ದಿನವೂ ಅನ್ನುತ್ತಾರೆ. ತಂಗಿಗೆ ಗಂಡು ನೋಡುತ್ತಿದ್ದಾರೆ. ಅವಳಿಗೆ ಹೇಳಲೇ? ನಾವು ಇನ್ನೊಂದು ಮಗು ಮಾಡಿಕೊಳ್ಳಬಹುದೇ?

ತಂಗೀ, ಈ ಮಾತನ್ನು ನಾನು ಆರು ವರ್ಷ ಕೇಳಿದ್ದೇನೆ. ನನ್ನ ಮಗನಿಗೂ ಮಾತು ತಡ, ಮುಖ ನೋಡುತ್ತಿರಲಿಲ್ಲ, ಸಿಟ್ಟು ಬಂದರೆ ಕೈ ಕಚ್ಚಿಕೊಳ್ಳುತ್ತಿದ್ದ. ಬೆಂಗಳೂರಿನ ಜೆನೆಟಿಕ್ಸ್ ಡಾಕ್ಟರು ನನ್ನ ಅಪ್ಪನ ಬಗ್ಗೆಯೂ ಕೇಳಿದರು. ಅಪ್ಪನಿಗೆ ಅರವತ್ತು ದಾಟಿದ ಮೇಲೆ ಕೈ ನಡುಕ. ಕಾಫಿ ಲೋಟ ಬಾಯಿಗೆ ಬರುವಷ್ಟರಲ್ಲಿ ಅರ್ಧ ಪಂಚೆಯ ಮೇಲೆ. ನಡೆಯುವಾಗ ಗೋಡೆ ಹಿಡಿಯುತ್ತಿದ್ದರು. ವಯಸ್ಸಾಯಿತು ಅಂದುಕೊಂಡಿದ್ದೆವು.

ಮಗನ ರಕ್ತಪರೀಕ್ಷೆಯಲ್ಲಿ ಗೊತ್ತಾದದ್ದು ಫ್ರಜೈಲ್ ಎಕ್ಸ್, ಆಟಿಸಂಗೂ ಕಾರಣವಾಗಬಲ್ಲ ಒಂದು ವಂಶವಾಹಿ ಸಮಸ್ಯೆ. ಎಕ್ಸ್ ಕ್ರೋಮೋಸೋಮಿನ ಒಂದು ಜೀನ್‌ನಲ್ಲಿ ಮೂರಕ್ಷರದ ತುಣುಕೊಂದು ಮತ್ತೆ ಮತ್ತೆ ಬರುತ್ತದೆ. 55ರಿಂದ 200 ಸಲ ಬಂದರೆ ಆ ವ್ಯಕ್ತಿ ವಾಹಕ. 200 ದಾಟಿದರೆ ಜೀನ್ ಸಾಮಾನ್ಯವಾಗಿ ಕೆಲಸವನ್ನೇ ನಿಲ್ಲಿಸುತ್ತದೆ. ವಾಹಕ ತಂದೆಯಿಂದ ಅದು ಹೆಣ್ಣುಮಕ್ಕಳಿಗೆಲ್ಲ ಬರುತ್ತದೆ, ಗಂಡುಮಕ್ಕಳಿಗೆ ಬರುವುದಿಲ್ಲ. ನನ್ನ ಅಪ್ಪ ವಾಹಕ, ಅವರ ಕೈ ನಡುಕಕ್ಕೂ ಇದೇ ಕಾರಣವಂತೆ. ಅಪ್ಪನಿಂದ ನನಗೆ ಬಂತು, ನನ್ನಿಂದ ಮಗನಿಗೆ ಹೋಗುವಾಗ ಆ ತುಣುಕುಗಳ ಸಾಲು ಉದ್ದವಾಯಿತು.

ಹಾಗಾದರೆ ನಮ್ಮತ್ತೆ ಅಂದದ್ದು ಸರಿಯೇ? ತವರಿನಿಂದ ಬಂದದ್ದು ನಿಜ, ತಂಗೀ. ದೋಷ ಅನ್ನುವುದು ಮಾತ್ರ ಸುಳ್ಳು. ನನ್ನ ಮೂಗೂ ಅಪ್ಪನದೇ, ಅದಕ್ಕೆ ನನ್ನನ್ನು ಯಾರೂ ಬೈಯಲಿಲ್ಲ.

ನಿಮ್ಮ ಮಗನಿಗೂ ಈ ಪರೀಕ್ಷೆ ಮಾಡಿಸಿ. ತಂಗಿಗೆ ಮುಚ್ಚಿಡಬೇಡಿ. ನನ್ನ ತಂಗಿ ಗಂಡಿಗೆ ಮೊದಲೇ ಹೇಳಿದಳು. ಒಂದು ಸಂಬಂಧ ತಪ್ಪಿತು, ಬಹಳ ಅತ್ತಳು. ಮುಂದಿನವರು ಒಪ್ಪಿದರು. ಬಸಿರಾದಾಗ 11ನೇ ವಾರದಲ್ಲಿ, ಹೊಟ್ಟೆಯಲ್ಲಿರುವ ಮಗುವಿಗೂ ಇದು ಬಂದಿದೆಯೇ ಎಂದು ಪರೀಕ್ಷೆ ಮಾಡಿಸಿಕೊಂಡಳು.
- ಒಬ್ಬ ತಾಯಿ, ಶಿವಮೊಗ್ಗ

ಎಲ್ಲರಿಗೂ ಹೀಗೆ ಒಂದೇ ಜೀನ್ ಸಿಗುವುದಿಲ್ಲಮ್ಮ. ಆಟಿಸಂಗೆ ಸಂಬಂಧಿಸಿದ ಜೀನ್‌ಗಳು ನೂರಾರು. ತಂದೆ ಕಡೆಯವೂ ಇರುತ್ತವೆ, ಮಗುವಿನಲ್ಲೇ ಹೊಸದಾಗಿ ಆದ ಬದಲಾವಣೆಯೂ ಇರುತ್ತದೆ. ನಮ್ಮ ಮಗನ ವರದಿಯಲ್ಲಿ ಏನೂ ಸಿಗಲಿಲ್ಲ. ಎರಡನೇ ಮಗುವಿಗೂ ಬರುವ ಸಾಧ್ಯತೆ ಐದರಲ್ಲಿ ಒಂದರಷ್ಟು ಎಂದರು. ನಾವು ಧೈರ್ಯ ಮಾಡಿದೆವು. ಮಗಳಿಗೆ ಎರಡು ತುಂಬುವವರೆಗೂ, ಹೆಸರು ಕರೆದರೆ ತಿರುಗುತ್ತಾಳಾ ಅಂತ ದಿನವೂ ನೋಡುತ್ತಿದ್ದೆ. ತಿರುಗುತ್ತಿದ್ದಳು.
- ಒಬ್ಬ ತಂದೆ, ದಾವಣಗೆರೆ

ನಾನು ಅತ್ತೆಯ ಜಾಗದಲ್ಲಿರುವವಳು. ನಾನೂ ಸೊಸೆಗೆ ಹೀಗೇ ಅಂದಿದ್ದೆ. ಯಾರ ಕಡೆಯದು ಎಂದು ಜಗಳವಾಡುತ್ತಾ ಎರಡು ವರ್ಷ ಕಳೆದೆವು. ಆ ಎರಡು ವರ್ಷ ಮೊಮ್ಮಗನಿಗೆ ಸ್ಪೀಚ್ ಥೆರಪಿ ಸಿಗಬೇಕಿತ್ತು. ಈಗ ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ನಾನೇ ಕರೆದುಕೊಂಡು ಹೋಗುತ್ತೇನೆ. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟೇ ಬೇಕು ಅವನಿಗೆ. ನಿಮ್ಮತ್ತೆಗೆ ಈ ಪತ್ರ ಓದಿ ಹೇಳಮ್ಮ.
- ಒಬ್ಬ ಅಜ್ಜಿ, ಕೆ.ಆರ್. ನಗರ