ಬಕೆಟ್ ತುಂಬ ಹಿತ್ತಾಳೆ

ವಾಟ್ಸಾಪ್ ಗುಂಪು: ಹಳೆಮನೆ ಬಳಗ
ಸೆಪ್ಟೆಂಬರ್, ಟೆಕ್ಸಾಸಿನಲ್ಲಿ ಭಾನುವಾರ ರಾತ್ರಿ, ಊರಿನಲ್ಲಿ ಸೋಮವಾರ ಬೆಳಿಗ್ಗೆ

ರವಿ: [ಫೋಟೊ]

ರವಿ: ಇಂದಿನ ಬೇಟೆ! ಶ್ರೀಧರಣ್ಣನೂ ನಾನೂ ರೈಫಲ್ ರೇಂಜಿಗೆ ಹೋಗಿದ್ದೆವು. ಜನ ಗುಂಡು ಹೊಡೆದು ಬಿಟ್ಟುಹೋದ ಖಾಲಿ ತೋಟಾಗಳು, ಐದು ಗ್ಯಾಲನ್ ಬಕೆಟ್ಟಿನ ಮುಕ್ಕಾಲು ಭಾಗ. ಎಲ್ಲವೂ ಬಿಟ್ಟಿ.

ಚಿಕ್ಕಪ್ಪ: ಏನಪ್ಪ ಇದು, ಇಂಜಿನಿಯರ್ ಕೆಲಸ ಬಿಟ್ಟು ಗುಜರಿ ಅಂಗಡಿ ಇಡುತ್ತೀಯಾ?

ಜಯಮ್ಮ: ಎಷ್ಟು ಕಪ್ಪಾಗಿವೆಯೋ. ಹುಣಸೆಹಣ್ಣು ನೆನೆಸಿ, ಉಪ್ಪು ಹಾಕಿ ತಿಕ್ಕು. ಹಿತ್ತಾಳೆ ಅಲ್ಲವೇ, ಹೊಳೆಯುತ್ತವೆ.

ರವಿ: ಅಮ್ಮ, ನಿನ್ನ ಮಗ ಅದನ್ನೇ ಮಾಡಿದ್ದಾನೆ. ಅಡುಗೆಮನೆಯ ಸಿಂಕಿನಲ್ಲಿ ಸಂಜೆಯಿಂದ ನೆನೆಯುತ್ತಿವೆ.

ಮೇಘಾ: ನೆನೆಹಾಕಿದ ಎರಡು ಪಾತ್ರೆಗಳೂ ನನ್ನವು, ಹುಣಸೆಹಣ್ಣು ಸಾರಿಗೆ ತಂದದ್ದು. ಇದನ್ನು ಅವರು ಹೇಳುವುದಿಲ್ಲ.

ಚಿಕ್ಕಪ್ಪ: ಇಷ್ಟನ್ನು ಇಟ್ಟುಕೊಂಡು ಏನು ಮಾಡುತ್ತೀಯ?

ರವಿ: ಮತ್ತೆ ತುಂಬುವುದಕ್ಕೆ, ಚಿಕ್ಕಪ್ಪ. ಒಂದು ತೋಟಾದಲ್ಲಿ ನಾಲ್ಕು ಭಾಗ: ಕೊಳವೆ, ತಳದಲ್ಲಿ ಕಿಡಿ ಹೊತ್ತಿಸುವ ಪ್ರೈಮರ್, ಒಳಗೆ ಮದ್ದು, ಬಾಯಿಯಲ್ಲಿ ಗುಂಡು. ಹೊಡೆದ ಮೇಲೆ ಮೂರು ಹೋಗುತ್ತವೆ, ಕೊಳವೆ ಮಾತ್ರ ಉಳಿಯುತ್ತದೆ. ನಾಲ್ಕರಲ್ಲಿ ದುಬಾರಿಯೂ ಅದೇ. ಒಳ್ಳೆಯ ಕಂಪನಿಯ ಹೊಸ .308 ಅಳತೆಯ ರೈಫಲ್ ಕೊಳವೆ ಒಂದಕ್ಕೆ ಒಂದು ಡಾಲರ್ ದಾಟುತ್ತದೆ. ಶ್ರೀಧರಣ್ಣನ ಗ್ಯಾರೇಜಿನಲ್ಲಿ ಯಂತ್ರ ಇದೆ, ನಾನು ಮಾಲು ತರುತ್ತೇನೆ. ಅರ್ಧ ಅವನಿಗೆ, ಅರ್ಧ ನನಗೆ.

ಶ್ರೀಧರ: ಒಂದು ನಿಮಿಷ. ಫೋಟೊದಲ್ಲಿ ಎಡಗಡೆ ಇರುವ ಉದ್ದನೆಯವು ನನ್ನ .308 ಅಲ್ಲವೇ? ನೀಲಿ ಡಬ್ಬದಲ್ಲಿ ಬೇರೆಯಾಗಿ ಇಟ್ಟಿದ್ದೆನಲ್ಲ?

ರವಿ: ಕಾರಿನಲ್ಲಿ ಡಬ್ಬ ಉರುಳಿತ್ತು ಅಣ್ಣ. ಎಲ್ಲವನ್ನೂ ಒಟ್ಟಿಗೆ ಬಕೆಟ್ಟಿಗೆ ಹಾಕಿದೆ. ನಿನ್ನವುಗಳ ತಳದ ಮೇಲೆ ಕೆಂಪು ಮಾರ್ಕರ್ ಗೆರೆ ಇದೆಯಲ್ಲ, ಆರಿಸಿಕೊಂಡರಾಯಿತು.

ಶ್ರೀಧರ: ಹುಣಸೆ ನೀರಿನಲ್ಲಿ ತಿಕ್ಕಿದ ಮೇಲೂ ಗೆರೆ ಇದೆಯೇ? ಹೋಗಿ ನೋಡಿ ಹೇಳು.

ರವಿ: ಕೆಲವದರಲ್ಲಿ ಇದೆ.

ಶ್ರೀಧರ: ಕೆಲವದರಲ್ಲಿ!

ಪ್ರಸನ್ನ: ಶುಭೋದಯ. ಕಾಫಿ ಹಿಡಿದುಕೊಂಡು ಕುಳಿತಿದ್ದೇನೆ, ಮುಂದುವರಿಯಲಿ.

ರವಿ: ಅಣ್ಣ, ಇಷ್ಟಕ್ಕೆ ಯಾಕೆ ಸಿಟ್ಟು? .308 ಎಂದರೆ .308. ತಳದಲ್ಲಿ ಅದೇ ಕಂಪನಿಯ ಅಚ್ಚು, ಅದೇ ಅಳತೆ. ನಿನ್ನದು ಹತ್ತು ಕಡಿಮೆಯಾದರೆ ಬೇರೆ ಹತ್ತು ತೆಗೆದುಕೋ.

ಶ್ರೀಧರ: ಅದೇ ನೋಡು ನಿನಗೆ ಅರ್ಥವಾಗದ ವಿಷಯ. ನನ್ನ ಕೊಳವೆಗಳು ಹೊಸ ಪೆಟ್ಟಿಗೆಯಿಂದ ಬಂದವು, ನನ್ನ ರೈಫಲಿನಲ್ಲಿ ಮಾತ್ರ ಹೊಡೆದವು, ಎಷ್ಟು ಸಲ ಹೊಡೆದಿದ್ದೇನೆ ಎಂಬುದು ಪುಸ್ತಕದಲ್ಲಿದೆ. ನೀನು ನೆಲದಿಂದ ಹೆಕ್ಕಿದ್ದನ್ನು ಯಾವ ಪುಣ್ಯಾತ್ಮ ಎಷ್ಟು ಸಲ ತುಂಬಿ ಹೊಡೆದು ಬಿಸಾಡಿದ್ದಾನೋ ಯಾರಿಗೆ ಗೊತ್ತು? ಪ್ರತಿ ಸಲ ಹೊಡೆದಾಗ ಕೊಳವೆ ಹಿಗ್ಗುತ್ತದೆ. ಅಚ್ಚಿನಲ್ಲಿ ಒತ್ತಿ ಹಳೆಯ ಅಳತೆಗೆ ತಂದಾಗ ಹಿತ್ತಾಳೆ ಬಾಯಿಯ ಕಡೆಗೆ ಸರಿಯುತ್ತದೆ. ಉದ್ದವಾದದ್ದನ್ನು ಕತ್ತರಿಸಬೇಕು. .308ಕ್ಕೆ 2.015 ಇಂಚು ಮೀರುವಂತಿಲ್ಲ. ಹಾಗೆ ಸರಿದ ಹಿತ್ತಾಳೆ ಬರುವುದು ಬುಡದ ಗೋಡೆಯಿಂದ. ಅಲ್ಲಿ ಗೋಡೆ ತೆಳುವಾಗುತ್ತಾ ಹೋಗಿ, ಒಂದು ದಿನ ಹೊಡೆದಾಗ ತಳ ಕಿತ್ತು ಹೊರಬರುತ್ತದೆ, ಉಳಿದ ಭಾಗ ನಳಿಗೆಯಲ್ಲೇ ಸಿಕ್ಕಿಕೊಳ್ಳುತ್ತದೆ. ಬಿಸಿ ಅನಿಲ ಮುಖದ ಕಡೆಗೆ.

ಶ್ರೀಧರ: ಒಂದನ್ನು ಕೈಯಲ್ಲಿ ಹಿಡಿದು ನೋಡು. ತಳದಿಂದ ಸ್ವಲ್ಪ ಮೇಲೆ, ಸುತ್ತ ಒಂದು ತೆಳು ಹೊಳಪಿನ ಉಂಗುರ ಕಂಡರೆ ಅದು ಸಾಯಲು ಸಿದ್ಧವಾದ ಕೊಳವೆ. ನಾನು ಪೇಪರ್ ಕ್ಲಿಪ್ಪಿನ ತುದಿಯನ್ನು ಮೊನೆ ಮಾಡಿ, ಬಗ್ಗಿಸಿ, ಬಾಯಿಯಿಂದ ಒಳಗೆ ಬಿಟ್ಟು ಗೋಡೆಯನ್ನು ಕೆರೆಯುತ್ತೇನೆ. ಒಳಗೆ ತಗ್ಗು ಇದ್ದರೆ ಮೊನೆ ಅಲ್ಲಿ ಸಿಕ್ಕುತ್ತದೆ. ಬಕೆಟ್ಟಿನಲ್ಲಿರುವ ಅಷ್ಟಕ್ಕೂ ಹೀಗೆ ಕೆರೆಯುತ್ತಾ ಕೂರುವವರು ಯಾರು, ನೀನಾ?

ರವಿ: ಹಾಗಾದರೆ ಇಷ್ಟು ಜನ ಯಾಕೆ ಹೆಕ್ಕುತ್ತಾರೆ? ರೇಂಜಿನಲ್ಲಿ ಮುದುಕರು ಬಲೆಯ ಉರುಳೆ ಹಿಡಿದು ನೆಲದ ಮೇಲೆ ಓಡಾಡಿಸುತ್ತಿದ್ದರು, ನೀನೂ ನೋಡಿದೆ.

ಶ್ರೀಧರ: ಅವರು ಏನು ಹೆಕ್ಕುತ್ತಿದ್ದೇವೆ ಎಂದು ತಿಳಿದು ಹೆಕ್ಕುತ್ತಾರೆ. ನೀನು ಹೆಕ್ಕಿದ್ದರಲ್ಲಿ ಕಾಲುಭಾಗ .22 ಅಳತೆಯ ಸಣ್ಣವು. ಅದರಲ್ಲಿ ಸಿಡಿಯುವ ಮದ್ದು ತಳದ ಅಂಚಿನೊಳಗೇ ಇರುತ್ತದೆ, ಬದಲಾಯಿಸಲು ಪ್ರೈಮರ್ ಇಲ್ಲ, ಅದು ನೇರ ಗುಜರಿಗೆ. ಬೂದು ಬಣ್ಣದವು ಉಕ್ಕು. ಅಯಸ್ಕಾಂತ ಹಿಡಿ, ಅಂಟಿಕೊಂಡದ್ದನ್ನೆಲ್ಲ ಬಿಸಾಡು. ಕೆಲವದರ ತಳದೊಳಗೆ ಒಂದು ರಂಧ್ರದ ಬದಲು ಎರಡು ಸಣ್ಣ ರಂಧ್ರ, ಅವು ಬರ್ಡನ್ ಎಂಬ ಬೇರೆ ಮಾದರಿ. ನನ್ನ ಯಂತ್ರದ ಸೂಜಿ ನಡುವಿನ ಒಂದೇ ರಂಧ್ರಕ್ಕೆ ಮಾಡಿದ್ದು, ಅದರಲ್ಲಿ ಮುರಿಯುತ್ತದೆ. ‘ಎಲ್‌ಸಿ’ ಎಂದು ಅಚ್ಚಿರುವವು ಮಿಸೌರಿಯ ಲೇಕ್ ಸಿಟಿ ಸೇನಾ ಕಾರ್ಖಾನೆಯವು. ಒಳ್ಳೆಯ ಹಿತ್ತಾಳೆ, ಆದರೆ ಪ್ರೈಮರಿನ ಸುತ್ತ ಕಚ್ಚಿಸಿರುತ್ತಾರೆ. ಆ ಅಂಚನ್ನು ಒಂದೊಂದಾಗಿ ಕೆರೆದು ತೆಗೆಯದೆ ಹೊಸ ಪ್ರೈಮರ್ ಕೂರುವುದಿಲ್ಲ. ಇಷ್ಟೆಲ್ಲ ಕಳೆದರೆ ನಿನ್ನ ಬಿಟ್ಟಿ ಮಾಲು ಎಷ್ಟು ಉಳಿಯಿತು?

ಚಿಕ್ಕಪ್ಪ: ನಮ್ಮ ತಂದೆಯವರ ಕಾಲದಲ್ಲಿ ತೋಟಾ ಕೋವಿಗೆ ಹಿತ್ತಾಳೆಯ ಹನ್ನೆರಡು ಬೋರಿನ ಕೊಳವೆಗಳೇ ಇದ್ದವು. ಮಳೆಗಾಲದಲ್ಲಿ ಜಗುಲಿಯ ಮೇಲೆ ಕುಳಿತು ತುಂಬುತ್ತಿದ್ದರು. ಹಳೆಯ ಕೇಪು ಕಿತ್ತು ಹೊಸದು ಕೂರಿಸಿ, ಮದ್ದು ಅಳೆದು ಸುರಿದು, ಮೇಲೆ ರಟ್ಟಿನ ಬಿಲ್ಲೆ, ಚರೆ, ಮತ್ತೊಂದು ಬಿಲ್ಲೆ. ನಾವು ಹುಡುಗರು ಹತ್ತಿರ ಹೋದರೆ ಬೆನ್ನಿಗೆ ಬೀಳುತ್ತಿತ್ತು. ಯಾವ ಕೊಳವೆ ಎಷ್ಟು ಹಳೆಯದು ಎಂಬುದು ಅವರಿಗೆ ಬಾಯಿಪಾಠ. ಶ್ರೀಧರ ಹೇಳುವುದು ಸರಿ.

ರವಿ: ಚಿಕ್ಕಪ್ಪ, ನೀವೂ ಅವನ ಕಡೆಯೇ?

ಚಿಕ್ಕಪ್ಪ: ಕಡೆಯ ಮಾತಲ್ಲ. ನನಗೆ ಬೇರೆ ಪ್ರಶ್ನೆ ಇದೆ. ಆ ರೇಂಜಿನವರು ತೆಗೆದುಕೊಂಡು ಹೋಗು ಎಂದರೇ?

ರವಿ: ಬೇಡ ಎನ್ನಲಿಲ್ಲ. ಬಿದ್ದದ್ದು ಹೆಕ್ಕಿದವನದು.

ಚಿಕ್ಕಪ್ಪ: ಹಾಗಾದರೆ ನಮ್ಮ ತೋಟದಲ್ಲಿ ಉದುರಿದ ಅಡಿಕೆಯೂ ಹೆಕ್ಕಿದವನದು. ಊರಿಗೆಲ್ಲ ಹೇಳಿಬಿಡಲೇ?

ಶ್ರೀಧರ: ಬಾಗಿಲಲ್ಲೇ ಫಲಕ ಇದೆ. ಸ್ವಂತ ಕೊಳವೆಗಳನ್ನು ಒಯ್ಯಬಹುದು, ಗುಂಡು ಹೊಡೆಯುವ ಗೆರೆಯಿಂದ ಮುಂದೆ ಬಿದ್ದದ್ದು ರೇಂಜಿನದು. ಅವರು ಅದನ್ನು ಮಾರಿ ಖರ್ಚು ತೂಗಿಸಿಕೊಳ್ಳುತ್ತಾರೆ. ನಾನು ಗುರಿ ಹಲಗೆ ನೋಡಲು ಹೋಗಿದ್ದಾಗ ಇವನು ಗೆರೆಯ ಮುಂದಿನದನ್ನೂ ಗೋರಿಕೊಂಡಿದ್ದಾನೆ. ಪಕ್ಕದ ಮೇಜಿನವನು ತನ್ನದನ್ನು ಇನ್ನೂ ಹೆಕ್ಕಿರಲಿಲ್ಲ. ಅವನನ್ನಾದರೂ ಕೇಳಿದೆಯಾ?

ರವಿ: ಅವನು ಹೊರಡುತ್ತಿದ್ದ.

ಪ್ರಸನ್ನ: ಕಾಲೇಜಿನಲ್ಲಿ ಎನ್‌ಸಿಸಿ ಫೈರಿಂಗಿಗೆ ಹೋದಾಗ ಐದು .22 ಗುಂಡು ಕೊಡುತ್ತಿದ್ದರು. ಹೊಡೆದ ಮೇಲೆ ಐದು ಖೋಖಾ, ಅಂದರೆ ಖಾಲಿ ಕೊಳವೆ, ಎಣಿಸಿ ಒಪ್ಪಿಸಬೇಕು. ಒಂದು ಕಡಿಮೆಯಾದರೆ ಇಡೀ ತಂಡ ಹುಲ್ಲಿನಲ್ಲಿ ಮಂಡಿಯೂರಿ ಹುಡುಕುವುದು. ಸುಬೇದಾರರ ಮುಂದೆ ರವಿಯ ಸಿದ್ಧಾಂತ ಮಂಡಿಸಿದ್ದರೆ ಚೆನ್ನಾಗಿತ್ತು.

ಸುಧಾ: ನಾನು ಈಗಷ್ಟೇ ಓದಿದೆ. ರವಿ, ಸಿಂಕಿನಲ್ಲಿ ಎಂದೆಯಾ? ಅಡುಗೆಮನೆಯ ಸಿಂಕಿನಲ್ಲಿ?

ರವಿ: ಹೌದು ಅತ್ತಿಗೆ. ತೊಳೆದುಬಿಡುತ್ತೇನೆ.

ಸುಧಾ: ಪ್ರೈಮರಿನಲ್ಲಿ ಸೀಸದ ಸಂಯುಕ್ತ ಇರುತ್ತದೆ. ಹೊಡೆದ ಕೊಳವೆಯ ಒಳಗಿನ ಆ ಕಪ್ಪು ಮಸಿಯಲ್ಲಿ ಸೀಸ ಇದೆ. ಹುಳಿ ನೀರಿಗೆ ಅದು ಇನ್ನೂ ಸುಲಭವಾಗಿ ಇಳಿಯುತ್ತದೆ. ನಿಮ್ಮ ಮಗುವಿಗೆ ಎರಡು ವರ್ಷ ತುಂಬಿಲ್ಲ, ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುವ ವಯಸ್ಸು. ಇಲ್ಲಿನ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ 2021ರಲ್ಲಿ ಮಕ್ಕಳ ರಕ್ತದ ಸೀಸದ ಎಚ್ಚರಿಕೆಯ ಮಟ್ಟವನ್ನು ಒಂದು ಡೆಸಿಲೀಟರಿಗೆ 3.5 ಮೈಕ್ರೋಗ್ರಾಮಿಗೆ ಇಳಿಸಿದೆ. ಅದು ಸುರಕ್ಷಿತ ಮಟ್ಟ ಎಂದಲ್ಲ, ಮಕ್ಕಳಿಗೆ ಸುರಕ್ಷಿತ ಎನ್ನುವ ಮಟ್ಟವೇ ಇಲ್ಲ. ನಮ್ಮ ಮನೆಯಲ್ಲಿ ಇವರಿಗೆ ಗ್ಯಾರೇಜ್ ಬಿಟ್ಟು ಒಳಗೆ ಒಂದು ಕೊಳವೆ ತರಲು ಅನುಮತಿ ಇಲ್ಲ. ಮುಚ್ಚಿದ ಪೀಪಾಯಿಯಲ್ಲಿ ನೀರು ಹಾಕಿ ತಿರುಗಿಸಿ ತೊಳೆಯುತ್ತಾರೆ, ಧೂಳು ಏಳದಿರಲಿ ಎಂದು. ರೇಂಜಿನ ಬಟ್ಟೆಯನ್ನು ಬೇರೆಯಾಗಿ ಒಗೆಯಬೇಕು. ಮೇಘಾ, ಆ ಪಾತ್ರೆಗಳಲ್ಲಿ ಇನ್ನು ಅಡುಗೆ ಬೇಡ.

ಮೇಘಾ: ಸರಿ ಅಕ್ಕ. ಮಗುವನ್ನು ಕೋಣೆಗೆ ಕರೆದುಕೊಂಡು ಹೋಗಿದ್ದೇನೆ. ಇನ್ನೊಂದು ವಿಷಯ, ಹುಣಸೆಹಣ್ಣು ಸಾಲದು ಎಂದು ಇವರು ಕಿಟಕಿ ಗಾಜು ಒರೆಸುವ ದ್ರಾವಣವನ್ನೂ ಸುರಿದಿದ್ದಾರೆ.

ಪ್ರಸನ್ನ: ಅಮೋನಿಯಾ ಇರುವುದೇ?

ಮೇಘಾ: ಸೀಸೆಯ ಮೇಲೆ ಹಾಗೆಂದೇ ಬರೆದಿದೆ.

ಪ್ರಸನ್ನ: ಶ್ರೀಧರ, ನಿನ್ನ .308ಗಳಿಗೆ ಎಳ್ಳುನೀರು ಬಿಡು. ರವಿ, ಇದು ನಮ್ಮ ದೇಶದಲ್ಲೇ ಬ್ರಿಟಿಷರ ಸೈನ್ಯ ಪಾಠ ಕಲಿತ ವಿಷಯ. ಮಳೆಗಾಲದಲ್ಲಿ ತೋಟಾಗಳನ್ನು ಕುದುರೆ ಲಾಯಗಳಲ್ಲಿ ದಾಸ್ತಾನು ಮಾಡುತ್ತಿದ್ದರು. ಹೊಡೆಯದೆ, ಮುಟ್ಟದೆ, ಪೆಟ್ಟಿಗೆಯಲ್ಲೇ ಕೊಳವೆಗಳು ಬಿರುಕು ಬಿಟ್ಟವು. ಕಾರಣ ಬಹಳ ಕಾಲ ತಿಳಿಯಲಿಲ್ಲ. ಕುದುರೆಯ ಮೂತ್ರದಿಂದ ಏಳುವ ಅಮೋನಿಯಾ, ಮಳೆಗಾಲದ ತೇವ, ಕೊಳವೆಯನ್ನು ಎಳೆದು ರೂಪಿಸುವಾಗ ಲೋಹದೊಳಗೆ ಉಳಿದ ಬಿಗುವು, ಈ ಮೂರೂ ಸೇರಿ ಹಿತ್ತಾಳೆಯನ್ನು ಸೀಳುತ್ತವೆ ಎಂಬುದು 1921ರಲ್ಲಿ ವಿವರವಾಯಿತು. ನಿನ್ನ ಬಕೆಟ್ಟಿನ ಹಿತ್ತಾಳೆಯೂ ಅದೇ ಜಾತಿ, ನೂರಕ್ಕೆ ಎಪ್ಪತ್ತು ತಾಮ್ರ, ಮೂವತ್ತು ಸತು. ಹುಳಿಯಲ್ಲಿ ಹೆಚ್ಚು ಹೊತ್ತು ಬಿಟ್ಟರೆ ಮೈಮೇಲಿನ ಸತುವೂ ಹೋಗುತ್ತದೆ. ಬಣ್ಣ ನೋಡು, ಗುಲಾಬಿ ಆಗಿದೆಯೇ?

ರವಿ: ಸ್ವಲ್ಪ ಕೆಂಪಗೆ, ಚೆನ್ನಾಗಿಯೇ ಕಾಣುತ್ತಿವೆ.

ಶ್ರೀಧರ: ಚೆನ್ನಾಗಿ ಕಾಣುತ್ತಿವೆಯಂತೆ!

ಜಯಮ್ಮ: ನಾನು ಹೇಳಿದ್ದು ತಿಕ್ಕಿ ತೊಳೆ ಎಂದು. ಸಂಜೆಯಿಂದ ನೆನೆಹಾಕು ಎನ್ನಲಿಲ್ಲ.

ವಿದ್ಯಾ: ನೀವೆಲ್ಲ ಪಾತ್ರೆ, ಬಣ್ಣ ಎಂದು ಕುಳಿತಿದ್ದೀರಿ. ರವಿ, ನಿನ್ನದು ಇನ್ನೂ ಎಚ್-1ಬಿ ಕೆಲಸದ ವೀಸಾ ತಾನೇ?

ರವಿ: ಹೌದು ಅಕ್ಕ. ಅದಕ್ಕೂ ಇದಕ್ಕೂ ಏನು ಸಂಬಂಧ? ನನ್ನ ಹತ್ತಿರ ಬಂದೂಕು ಇಲ್ಲ. ಅಣ್ಣನ ರೈಫಲಿನಲ್ಲಿ ಹೊಡೆಯುತ್ತೇನೆ, ಅಷ್ಟೇ.

ವಿದ್ಯಾ: ವಲಸೆ ವಕೀಲರ ಕಚೇರಿಯಲ್ಲಿ ದಿನವೂ ಇದೇ ಕಾಗದಗಳನ್ನು ನೋಡುತ್ತೇನೆ, ಸ್ವಲ್ಪ ಕೇಳು. ತಾತ್ಕಾಲಿಕ ವೀಸಾದ ಮೇಲೆ ಬಂದವರು ಬಂದೂಕನ್ನಾಗಲಿ ಮದ್ದುಗುಂಡನ್ನಾಗಲಿ ಇಟ್ಟುಕೊಳ್ಳುವುದು ಇಲ್ಲಿನ ಫೆಡರಲ್ ಕಾನೂನಿನಲ್ಲಿ ಅಪರಾಧ. ಕೆಲವು ವಿನಾಯಿತಿಗಳಿವೆ. ನಮ್ಮಂಥವರಿಗೆ ಒದಗುವುದು ಒಂದೇ: ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ, ಚಾಲ್ತಿಯಲ್ಲಿರುವ ಬೇಟೆ ಪರವಾನಗಿ.

ರವಿ: ಅದು ಇದೆ! ಅಣ್ಣ ಹೇಳಿದ ಎಂದು ಕಳೆದ ವರ್ಷವೇ ಮಾಡಿಸಿಕೊಂಡಿದ್ದೇನೆ. ಮತ್ತೆ ಇದು ಮದ್ದುಗುಂಡೂ ಅಲ್ಲ, ಖಾಲಿ ಹಿತ್ತಾಳೆ.

ವಿದ್ಯಾ: ಎರಡಕ್ಕೂ ಉತ್ತರ ಇದೆ. ಅದೇ ಕಾನೂನಿನ 921ನೆಯ ಸೆಕ್ಷನ್ ಮದ್ದುಗುಂಡು ಎಂದರೆ ಏನು ಎಂದು ಹೇಳುತ್ತದೆ. ತುಂಬಿದ ತೋಟಾ ಮಾತ್ರವಲ್ಲ, ಕೊಳವೆ, ಪ್ರೈಮರ್, ಗುಂಡು, ಮದ್ದು ಬಿಡಿಬಿಡಿಯಾಗಿದ್ದರೂ ಆ ಪಟ್ಟಿಯಲ್ಲಿವೆ. ಇನ್ನು ಪರವಾನಗಿ. ಟೆಕ್ಸಾಸಿನದು ಯಾವಾಗ ಕೊಂಡರೂ ಆಗಸ್ಟ್ 31ಕ್ಕೆ ಮುಗಿಯುತ್ತದೆ. ಈಗ ಸೆಪ್ಟೆಂಬರ್. ಹೊಸದು ತೆಗೆದುಕೊಂಡೆಯಾ?

ರವಿ: ಈ ಸಂದೇಶವನ್ನು ಅಳಿಸಲಾಗಿದೆ

ಪ್ರಸನ್ನ: ನಾನು ಓದಿಯಾಯಿತು.

ರವಿ: ಅಕ್ಕ, ಹೊಡೆದು ಸತ್ತ ಪ್ರೈಮರ್ ಇರುವ ಕೊಳವೆ ಗುಜರಿಯಲ್ಲವೇ? ಪ್ರವಾಸಿ ಅಂಗಡಿಗಳಲ್ಲಿ ಇದನ್ನೇ ಕೀಲಿಗೊಂಚಲು ಮಾಡಿ ಮಾರುತ್ತಾರೆ.

ವಿದ್ಯಾ: ಕೀಲಿಗೊಂಚಲು ಕೊಂಡವನು ಆ ವಾದ ಮಾಡಿದರೆ ಯಾರಾದರೂ ಕೇಳಿಯಾರು. ನೀನು ‘ಮತ್ತೆ ತುಂಬುವುದಕ್ಕೆ’ ಎಂದು ಫೋಟೊ ಸಮೇತ ಬರೆದು ಹಾಕಿದ್ದೀಯ. ಬಕೆಟ್ಟಿಗಾಗಿ ಪೊಲೀಸರು ಬಾಗಿಲು ತಟ್ಟುತ್ತಾರೆ ಎಂದು ನಾನು ಹೇಳುತ್ತಿಲ್ಲ. ಈ ಅಪರಾಧದ ಶಿಕ್ಷೆಯನ್ನು 2022ರಲ್ಲಿ ಹದಿನೈದು ವರ್ಷದವರೆಗೆ ಏರಿಸಿದ್ದಾರೆ ಎಂಬುದು ಗೊತ್ತಿರಲಿ. ನಾಳೆ ಗ್ರೀನ್ ಕಾರ್ಡಿನ ಅರ್ಜಿಯಲ್ಲಿ, ಬಂಧನವಾಗದಿದ್ದರೂ ಅಪರಾಧ ಮಾಡಿದ್ದೀಯಾ ಎಂದು ಕೇಳುತ್ತಾರೆ. ಅಲ್ಲಿ ಏನು ಬರೆಯುತ್ತೀಯ?

ಜಯಮ್ಮ: ರವಿ, ಈಗಲೇ ಅದನ್ನು ಮನೆಯಿಂದ ಆಚೆ ಹಾಕು.

ವಿದ್ಯಾ: ಆಚೆ ಎಂದರೆ ಕಸದ ತೊಟ್ಟಿಗಲ್ಲ ದೊಡ್ಡಮ್ಮ. ಶ್ರೀಧರ ಇಲ್ಲಿನ ಪೌರ. ಬಂದು ತೆಗೆದುಕೊಂಡು ಹೋಗಲಿ. ರೇಂಜಿನದನ್ನು ರೇಂಜಿಗೆ ಒಪ್ಪಿಸಲಿ. ರವಿ ಪರವಾನಗಿ ಮಾಡಿಸಿಕೊಳ್ಳುವವರೆಗೆ ರೈಫಲನ್ನೂ ಮುಟ್ಟಬೇಡ.

ಚಿಕ್ಕಪ್ಪ: ವಿದ್ಯಾ, ಶ್ರೀಧರ ಡಿಸೆಂಬರಿನಲ್ಲಿ ಬರುತ್ತಾನಲ್ಲ, ನಾಲ್ಕು ಕೊಳವೆ ತಂದರೆ ಶೋಕೇಸಿನಲ್ಲಿ ಇಡೋಣ ಎಂದಿದ್ದೆ.

ವಿದ್ಯಾ: ಚಿಕ್ಕಪ್ಪ, ನೀವೂ ಶುರು ಮಾಡಬೇಡಿ. ನಮ್ಮ ಶಸ್ತ್ರಾಸ್ತ್ರ ಕಾಯ್ದೆಯ 45ನೆಯ ಸೆಕ್ಷನ್ನಿನಲ್ಲಿ, ಬೇರೆ ಭಾಗಗಳೊಡನೆ ಸೇರಿಸಿ ಬಳಸುವ ಉದ್ದೇಶವಿಲ್ಲದ ಸಣ್ಣಪುಟ್ಟ ಬಿಡಿಭಾಗಗಳಿಗೆ ವಿನಾಯಿತಿ ಇದೆ, ನಿಜ. ಅದನ್ನು ಬೆಳಗಿನ ಜಾವ ಮೂರು ಗಂಟೆಗೆ ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ, ಸೂಟ್‌ಕೇಸ್ ಬಿಚ್ಚಿಸಿದ ಅಧಿಕಾರಿಗೆ ವಿವರಿಸುವವರು ಯಾರು? ತಾತ ಜಗುಲಿಯಲ್ಲಿ ಮಾಡುತ್ತಿದ್ದದ್ದೂ ಇಂದಿನ ಕಾಯ್ದೆಯಲ್ಲಿ ತಯಾರಿಕೆ, ಅದಕ್ಕೆ ಬೇರೆ ಪರವಾನಗಿ ಬೇಕು. ಮೊಮ್ಮಕ್ಕಳಿಗೆ ಕಥೆ ಹೇಳಿ, ಮಾಡಿ ತೋರಿಸಬೇಡಿ.

ಚಿಕ್ಕಪ್ಪ: ಚುನಾವಣೆ ಬಂದಾಗಲೆಲ್ಲ ಕೋವಿಯನ್ನು ಠಾಣೆಗೆ ಒಪ್ಪಿಸಿ ರಸೀದಿ ತರುವವನು ನಾನು. ನನಗೆ ಕಾನೂನು ಹೇಳಬೇಡಮ್ಮ. ಶೋಕೇಸಿಗೆ ಚಾಕೊಲೇಟ್ ತರಲಿ, ಆಯಿತು.

ಶ್ರೀಧರ: ನಾಳೆ ಸಂಜೆ ಕೆಲಸ ಮುಗಿಸಿ ಬರುತ್ತೇನೆ ರವಿ. ಅಲ್ಲಿಯವರೆಗೆ ನೀರು ಚೆಲ್ಲಬೇಡ, ಮುಚ್ಚಿ ಹೊರಗಿಡು. ಗೆರೆ ಉಳಿದಿರುವ .308ಗಳನ್ನೂ ನಾನು ತುಂಬುವುದಿಲ್ಲ, ಅಮೋನಿಯಾ ಕುಡಿದ ಕೊಳವೆಯನ್ನು ಕೆನ್ನೆಯ ಪಕ್ಕದಲ್ಲಿಟ್ಟುಕೊಂಡು ಹೊಡೆಯುವ ಧೈರ್ಯ ನನಗಿಲ್ಲ. ಅವನ್ನು ಇಕ್ಕಳದಲ್ಲಿ ಜಜ್ಜಿ ಗುಜರಿಗೆ ಹಾಕುತ್ತೇನೆ. ಉಳಿದದ್ದು ರೇಂಜಿನ ಡಬ್ಬಕ್ಕೆ.

ರವಿ: ಗುಜರಿಯವನು ತೂಕದ ಮೇಲೆ ಕೊಡುತ್ತಾನಲ್ಲ ಅಣ್ಣ, ಆ ದುಡ್ಡಿನಲ್ಲಿ ಅರ್ಧ ನನ್ನದು.

ಶ್ರೀಧರ: ಯಾವ ಅರ್ಧ? ಗುಜರಿಗೆ ಹೋಗುವುದು ನನ್ನ .308!

ಮೇಘಾ: [ಫೋಟೊ]

ಮೇಘಾ: ಹೊಸ ಪಾತ್ರೆಗಳ ಬೆಲೆ ಇದರಲ್ಲಿದೆ. ಎರಡು ಪಾತ್ರೆ, ಒಂದು ಸಿಂಕ್ ಜಾಲರಿ. ಅರ್ಧ ಇವರು, ಅರ್ಧ ಭಾವ.

ಶ್ರೀಧರ: ನಾನು ಯಾಕೆ? ನಷ್ಟವಾದದ್ದೇ ನನಗೆ!

ಮೇಘಾ: ಬಕೆಟ್ ನಿಮ್ಮ ಕಾರಿನಲ್ಲಿ ಬಂದದ್ದು, ಭಾವ.

ಸುಧಾ: ಮೇಘಾ, ಬಿಲ್ ನನಗೆ ಕಳುಹಿಸು. ಇವರಿಂದ ವಸೂಲಿ ಮಾಡುವುದು ನನಗೆ ಗೊತ್ತು.